ಹಲಸೂರು ಕೆರೆಯ ಮೇಲೆ 117 ಕನ್ನಂಬಾಡಿ

ಹಲಸೂರು ಕೆರೆಯ ನೆತ್ತಿಗೆ ಸರಿಯಾಗಿ, 36,000 ಅಡಿ ಎತ್ತರದಲ್ಲಿ, ಒಂದು ಏರ್‌ಬಸ್ ಎ320 ಹಾದುಹೋಗುತ್ತಿದೆ ಅನ್ನೋಣ. ಅದರ ಉದ್ದ 37.57 ಮೀಟರ್. ಶಿವಾಜಿನಗರದ ಬಸ್ ನಿಲ್ದಾಣದಲ್ಲಿ 12 ಮೀಟರಿನ ಮೂರು ಬಿಎಂಟಿಸಿ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟೇ. ಈಗ ಅದು ತನ್ನ ಸುತ್ತ ಹೊತ್ತುಕೊಂಡು ಹೋಗುವ ಖಾಲಿ ಜಾಗವನ್ನು ಅಳೆಯಿರಿ. ಸುತ್ತಲೂ 5 ನಾಟಿಕಲ್ ಮೈಲು, ಅಂದರೆ 9.26 ಕಿ.ಮೀ. ಮೇಲಕ್ಕೆ 1,000 ಅಡಿ, ಕೆಳಕ್ಕೆ 1,000 ಅಡಿ. ರೇಡಾರ್ ಕಣ್ಣಿನಡಿ ಹಾರುವ ಇನ್ನೊಂದು ವಿಮಾನ ಈ ಡಬ್ಬಿಯೊಳಗೆ ಮೂಗು ತೂರಿಸುವ ಹಾಗಿಲ್ಲ.

ಕೆರೆಯನ್ನು ನಡುವಿಗಿಟ್ಟು ಆ ವೃತ್ತ ಎಳೆದರೆ ಶಿವಾಜಿನಗರ, ದಂಡು ರೈಲು ನಿಲ್ದಾಣ, ಇಂದಿರಾನಗರ, ಎಚ್‌ಎಎಲ್ ರನ್‌ವೇ, ಕೆ.ಆರ್. ಪುರ ಎಲ್ಲವೂ ಒಳಗೆ ಬೀಳುತ್ತವೆ. ಪಶ್ಚಿಮಕ್ಕೆ ಮೆಜೆಸ್ಟಿಕ್ ಕೂಡ ತಪ್ಪಿಸಿಕೊಳ್ಳುವುದಿಲ್ಲ. ವಿಸ್ತೀರ್ಣ 269 ಚದರ ಕಿ.ಮೀ., ಗಾತ್ರ 164 ಘನ ಕಿ.ಮೀ. ಘನ ಕಿಲೋಮೀಟರು ಯಾರ ಕೈಗೂ ಎಟುಕದ ಅಳತೆ, ಆದ್ದರಿಂದ ನೀರಿನಲ್ಲಿ ಹೇಳುತ್ತೇನೆ. ಕನ್ನಂಬಾಡಿ ಕಟ್ಟೆ ತುಂಬಿ ತುಳುಕಿದರೆ ಹಿಡಿಯುವುದು 49.45 ಟಿಎಂಸಿ, ಅಂದರೆ 1.4 ಘನ ಕಿ.ಮೀ. ಭಾಗಿಸಿ ನೋಡಿ: 117. ಮೂರು ಬಸ್ಸಿನ ಉದ್ದದ ಒಂದು ವಿಮಾನ ತನ್ನ ಸುತ್ತ 117 ಕನ್ನಂಬಾಡಿ ಜಲಾಶಯಗಳಷ್ಟು ಬರೀ ಗಾಳಿಯನ್ನು ಕಾದಿರಿಸಿಕೊಂಡಿದೆ. ಅದೂ ನಿಂತಲ್ಲಿ ನಿಂತ ಗಾಳಿಯಲ್ಲ. ಈ 117 ಕನ್ನಂಬಾಡಿಗಳು ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ನಮ್ಮ ತಲೆಯ ಮೇಲೆ ಸರಿಯುತ್ತಿವೆ.

ಇಷ್ಟೊಂದು ಯಾಕೆ, ಅತಿಯಾಯಿತಲ್ಲವೇ ಅನ್ನಿಸುತ್ತದೆ. ಮೆಟ್ರೊ ಹತ್ತಿದರೆ ಸಂದೇಹ ಹೋಗುತ್ತದೆ. ಎಂ.ಜಿ. ರಸ್ತೆ ನಿಲ್ದಾಣದಿಂದ ಬೈಯಪ್ಪನಹಳ್ಳಿಗೆ 6.7 ಕಿ.ಮೀ. 2011ರ ಅಕ್ಟೋಬರ್ 20ರಂದು ದಕ್ಷಿಣ ಭಾರತದ ಮೊದಲ ಮೆಟ್ರೊ ಓಡಿದ ಹಳಿ ಇದೇ. ಅಲ್ಲಿಂದ ಇನ್ನೆರಡು ಕಿಲೋಮೀಟರಿಗೆ ಕೆ.ಆರ್. ಪುರ. ಒಟ್ಟು ಸುಮಾರು ಎಂಟೂಮುಕ್ಕಾಲು. ವಿಮಾನಗಳ ನಡುವಿನ 9.26 ಕಿ.ಮೀ. ಇದಕ್ಕಿಂತ ಅರ್ಧ ಕಿಲೋಮೀಟರು ಮಾತ್ರ ಹೆಚ್ಚು. ಟ್ರಿನಿಟಿ, ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ ಎಂದು ಒಂದೊಂದೇ ನಿಲ್ದಾಣ ದಾಟುತ್ತಾ ಕೂತರೆ ಸಾಕಷ್ಟು ದೂರವೇ. ಆದರೆ ಗಂಟೆಗೆ 900 ಕಿ.ಮೀ. ವೇಗದ ಎರಡು ಜೆಟ್‌ಗಳು ಮುಖಾಮುಖಿ ಬಂದರೆ ಅವುಗಳ ನಡುವಿನ ಅಂತರ ಸೆಕೆಂಡಿಗೆ 500 ಮೀಟರ್ ಕರಗುತ್ತದೆ. ಇಡೀ 9.26 ಕಿ.ಮೀ. ಮುಗಿಯಲು ಹದಿನೆಂಟೂವರೆ ಸೆಕೆಂಡು. ಟಿನ್ ಫ್ಯಾಕ್ಟರಿ ಬಳಿ ಸಿಗ್ನಲ್ ಹಸಿರಾದ ಮೇಲೆ ಮುಂದಿನ ಆಟೊ ಕದಲಲಿಕ್ಕೇ ಅಷ್ಟು ಹೊತ್ತು ಬೇಕು!

ವಿಮಾನ ನಿಲ್ದಾಣದ ಹತ್ತಿರ ವೇಗ ಇಳಿಯುತ್ತದೆ, ಅಂತರವೂ ಇಳಿಯುತ್ತದೆ: 3 ನಾಟಿಕಲ್ ಮೈಲು, 5.56 ಕಿ.ಮೀ. ಎಂ.ಜಿ. ರಸ್ತೆಯಲ್ಲಿ ಹೊರಟವರು ಇನ್ನೂ ಬೈಯಪ್ಪನಹಳ್ಳಿ ಮುಟ್ಟಿರುವುದಿಲ್ಲ. ಅಷ್ಟರೊಳಗೆ ಹಿಂದೊಂದು ವಿಮಾನ, ಮುಂದೊಂದು ವಿಮಾನ.

ಎತ್ತರದ ಲೆಕ್ಕ ಇನ್ನೂ ಬಿಗಿ. 1,000 ಅಡಿ ಅಂದರೆ 305 ಮೀಟರ್. ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್ 106 ಮೀಟರ್. ಎಪ್ಪತ್ತರ ದಶಕದಲ್ಲಿ ಊರಿನವರು ಕತ್ತು ನೋಯುವವರೆಗೆ ತಲೆಯೆತ್ತಿ ನೋಡುತ್ತಿದ್ದ ಕಟ್ಟಡ. ಅಂಥ ಮೂರನ್ನು ಒಂದರ ಮೇಲೊಂದು ಪೇರಿಸಿದರೆ ಆ 1,000 ಅಡಿ ತುಂಬಿ ಮೇಲೊಂದಿಷ್ಟು ಉಳಿಯುತ್ತದೆ. ಮೂರು ಯುಟಿಲಿಟಿ ಬಿಲ್ಡಿಂಗ್ ಎತ್ತರದ ಸಂದಿಯಲ್ಲಿ ಪೂರ್ವಕ್ಕೆ ಹೋಗುವವರೂ ಪಶ್ಚಿಮಕ್ಕೆ ಹೋಗುವವರೂ ಒಬ್ಬರ ತಲೆಯ ಮೇಲೆ ಇನ್ನೊಬ್ಬರು ದಾಟುತ್ತಾರೆ. ಪೂರ್ವಾಭಿಮುಖಿಗಳಿಗೆ ಬೆಸ ಸಾವಿರಗಳು: 33, 35, 37. ಪಶ್ಚಿಮದವರಿಗೆ ಸಮ: 34, 36, 38.

2003ರ ನವೆಂಬರ್ 27ರವರೆಗೆ ಭಾರತದ ಮೇಲ್ಮಟ್ಟದ ಆಕಾಶದಲ್ಲಿ ಈ ಸಂದಿ 2,000 ಅಡಿ ಇತ್ತು. 29,000 ಅಡಿಯಿಂದ 41,000 ಅಡಿಯವರೆಗೆ ಒಟ್ಟು 7 ಮಹಡಿ. ಅಂದು ಅರ್ಧಕ್ಕೆ ಇಳಿಸಿದರು, ಮಹಡಿಗಳು 13 ಆದವು. ಒಂದು ಇಟ್ಟಿಗೆ ಇಡದೆ, ಒಂದು ಗೇಣು ಭೂಮಿ ಸ್ವಾಧೀನ ಮಾಡಿಕೊಳ್ಳದೆ ದೇಶದ ಉದ್ದಗಲಕ್ಕೂ 6 ಹೊಸ ಅಂತಸ್ತು! ಔಟರ್ ರಿಂಗ್ ರೋಡಿಗೆ ಇಂಥದ್ದೊಂದು ವರ ಯಾರಾದರೂ ಕೊಟ್ಟಿದ್ದರೆ ನಾವು ಅವರಿಗೆ ಗುಡಿ ಕಟ್ಟುತ್ತಿದ್ದೆವು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಯಾಕೆಂದರೆ ಈ 1,000 ಅಡಿಯನ್ನು ಅಳೆಯುವ ಬಗೆ ನನಗೆ ಇಡೀ ವಿಷಯದಲ್ಲೇ ಅತಿ ನಂಬಲಾಗದ್ದು. ವಿಮಾನ ಕೆಳಗೆ ಟೇಪು ಬಿಟ್ಟು ಎತ್ತರ ನೋಡುವುದಿಲ್ಲ. ಹೊರಗಿನ ಗಾಳಿಯ ಒತ್ತಡವನ್ನು ಓದುತ್ತದೆ, ಅಷ್ಟೇ. 36,000 ಅಡಿಯಲ್ಲಿ ಆ ಒತ್ತಡ ಸುಮಾರು 227 ಮಿಲಿಬಾರ್. 1,000 ಅಡಿ ಮೇಲೇರಿದರೆ 11 ಮಿಲಿಬಾರ್ ಕಡಿಮೆಯಾಗುತ್ತದೆ. 11 ಮಿಲಿಬಾರ್ ಎಂದರೆ 11 ಸೆಂಟಿಮೀಟರ್ ಆಳದ ನೀರಿನ ಭಾರ: ಅಡುಗೆಮನೆಯ ಸ್ಟೀಲ್ ಲೋಟಕ್ಕೆ ಕಂಠಮಟ್ಟ ನೀರು ತುಂಬಿಸಿದರೆ ಅದರ ತಳಕ್ಕೆ ಬೀಳುವಷ್ಟು. ಇನ್ನೂರು ಜನ ಕೂತ ವಿಮಾನದ ಮೇಲೆ ಇನ್ನೂರು ಜನ ಕೂತ ಇನ್ನೊಂದು ವಿಮಾನ ಹಾದುಹೋಗುವಾಗ ಎರಡರ ನಡುವೆ ಇರುವುದು ಒಂದು ಲೋಟ ನೀರಿನ ವ್ಯತ್ಯಾಸ. ಇನ್ನೂ ಕೇಳಿ. ಈ ಎತ್ತರಗಳಲ್ಲಿ ಹಾರಲು ಪರವಾನಗಿ ಬೇಕಾದರೆ ಒತ್ತಡ ಓದುವ ವ್ಯವಸ್ಥೆ 245 ಅಡಿಗಿಂತ ಹೆಚ್ಚು ತಪ್ಪುವ ಹಾಗಿಲ್ಲ. ಲೋಟದ ಭಾಷೆಯಲ್ಲಿ ಅದು ಎರಡೂಮುಕ್ಕಾಲು ಸೆಂಟಿಮೀಟರ್ ನೀರು, ಎರಡು ಗುಟುಕು. ಹೊರಗೆ ಶೂನ್ಯಕ್ಕಿಂತ 56 ಡಿಗ್ರಿ ಕೆಳಗಿನ ಚಳಿ, ಗಂಟೆಗೆ 900 ಕಿ.ಮೀ. ವೇಗ, ಅದರ ನಡುವೆ ಎರಡು ಗುಟುಕಿನ ಲೆಕ್ಕ ತಪ್ಪಬಾರದು.

ಕೆಳಗೆ ಬೆಂಗಳೂರಿಗೆ ಬನ್ನಿ. ಈ ಊರಿಗೆ ಒಂದಲ್ಲ, ನಾಲ್ಕು ವಿಮಾನ ನೆಲೆ. ವಿಮಾನಪುರದ ಎಚ್‌ಎಎಲ್, ಯಲಹಂಕದ ವಾಯುಪಡೆ ನೆಲೆ, ಜಕ್ಕೂರಿನ ಹಾರಾಟ ಶಾಲೆ, ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ. ಎಚ್‌ಎಎಲ್‌ನಿಂದ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 28 ಕಿ.ಮೀ. ಇಂದಿರಾನಗರದಿಂದ ಟ್ಯಾಕ್ಸಿ ಹಿಡಿದವರಿಗೆ ಅದು ಒಂದು ಜನ್ಮದಂತೆ ಕಾಣಬಹುದು. ನಿಲ್ದಾಣದ ಆಸುಪಾಸಿನಲ್ಲಿ 250 ನಾಟ್ ವೇಗಕ್ಕೆ ಇಳಿದ ವಿಮಾನಕ್ಕೆ ಮೂರೂವರೆ ನಿಮಿಷ. ಯಲಹಂಕದಿಂದ ದೇವನಹಳ್ಳಿಗಂತೂ ಸುಮಾರು 13 ಕಿ.ಮೀ., ಒಂದೂಮುಕ್ಕಾಲು ನಿಮಿಷ. ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನ ಬಂತೆಂದರೆ ದೇವನಹಳ್ಳಿಯಲ್ಲಿ ಗಂಟೆಗಟ್ಟಲೆ ವಿಮಾನ ನಿಲ್ಲಿಸುವುದು ಸುಮ್ಮನೆ ಅಲ್ಲ.

ಎಚ್‌ಎಎಲ್ ಕಂಪನಿ ಹುಟ್ಟಿದ್ದು 1940ರ ಡಿಸೆಂಬರಿನಲ್ಲಿ. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಕಟ್ಟಿದ್ದು. 1961ರ ಜೂನ್ 17ರಂದು ಮಾರುತ್, 2001ರ ಜನವರಿ 4ರಂದು ತೇಜಸ್ ಮೊದಲ ಸಲ ನೆಲ ಬಿಟ್ಟಿದ್ದು ಇಲ್ಲಿಯೇ. ಜೊತೆಗೆ ಊರಿನ ಪ್ರಯಾಣಿಕರ ವಿಮಾನಗಳೂ ಇದೇ ಒಂದು ರನ್‌ವೇ ಹಿಡಿದು ಏರಬೇಕಿತ್ತು, ಇಳಿಯಬೇಕಿತ್ತು. 2008ರ ಮೇ 24ರಂದು ಆ ಸಂಚಾರ ದೇವನಹಳ್ಳಿಗೆ ಹೋಗುವ ಹೊತ್ತಿಗೆ ವರ್ಷಕ್ಕೆ ಒಂದು ಕೋಟಿ ಜನರ ಆಸುಪಾಸು. ದೊಮ್ಮಲೂರು, ಮುರುಗೇಶಪಾಳ್ಯದ ಹಳಬರನ್ನು ಕೇಳಿ. ವಿಮಾನದ ಚಕ್ರ ಎಣಿಸಬಹುದಿತ್ತು ಅನ್ನುತ್ತಾರೆ. ಉತ್ಪ್ರೇಕ್ಷೆಯೇನಲ್ಲ. ಇಳಿಜಾರು 3 ಡಿಗ್ರಿ ಎಂದರೆ ರನ್‌ವೇಗೆ ಒಂದು ಕಿ.ಮೀ. ಬಾಕಿ ಇರುವಾಗ ವಿಮಾನ ನೆಲದಿಂದ 70 ಮೀಟರಿಗಿಂತ ಕೆಳಗೇ ಇರುತ್ತದೆ.

ಆಗ ವರ್ಷಕ್ಕೆ ಒಂದು ಕೋಟಿ. 2024ರಲ್ಲಿ ಕೆಂಪೇಗೌಡ ನಿಲ್ದಾಣದಲ್ಲಿ 4 ಕೋಟಿ ಮೀರಿತು. ದಿನಕ್ಕೆ ಏರುವುದು ಇಳಿಯುವುದು ಸೇರಿ 700ಕ್ಕೂ ಹೆಚ್ಚು. ದಿನದ 1,440 ನಿಮಿಷಕ್ಕೆ ಹಂಚಿದರೆ ಎರಡು ನಿಮಿಷಕ್ಕೊಂದು, ರಾತ್ರಿ ಮೂರು ಗಂಟೆಯೂ ಸೇರಿ. ನಡುವೆ ಎಮಿರೇಟ್ಸ್‌ನ ಎ380 ಬಂತೆಂದರೆ ಲೆಕ್ಕವೇ ಬೇರೆ. ತುಂಬಿ ಹೊರಟರೆ ಅದರ ತೂಕ 575 ಟನ್. ದಸರೆಯ ಅಂಬಾರಿ ಹೊರುವ ಆನೆ ಅಭಿಮನ್ಯುವಿನದು ಐದು ಟನ್ನಿಗೆ ಮೇಲೆ. ಅಂದರೆ ನೂರಕ್ಕೂ ಹೆಚ್ಚು ಅಭಿಮನ್ಯುಗಳು ಒಟ್ಟಿಗೆ ಆಕಾಶಕ್ಕೆ ಏರಿದ ಹಾಗೆ. ಅದರ ರೆಕ್ಕೆ ಗಾಳಿಯಲ್ಲಿ ಬಿಟ್ಟುಹೋಗುವ ಸುಳಿಗೆ ಹೆದರಿ ಹಿಂದಿನ ಎ320 7 ನಾಟಿಕಲ್ ಮೈಲು, 13 ಕಿ.ಮೀ. ದೂರ ಉಳಿಯಬೇಕು. ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗಿನ ಮೆಟ್ರೊ ಹಳಿ 13.71 ಕಿ.ಮೀ.; ಹೆಚ್ಚುಕಡಿಮೆ ಅಷ್ಟು.

ಇದಕ್ಕೆ ಪೂರ್ತಿ ತದ್ವಿರುದ್ಧ ಬೀದರ್‌ನಲ್ಲಿರುವ ವಾಯುಪಡೆಯ ಸೂರ್ಯಕಿರಣ ತಂಡ. ಒಂಬತ್ತು ಹಾಕ್ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಂತೆ ಐದು ಮೀಟರ್ ಅಂತರದಲ್ಲಿ ಹಾರುತ್ತವೆ. ನಾಗರಿಕ ವಿಮಾನಕ್ಕೆ ಬೇಕಾದ ಅಂತರ ಅದರ 1,852 ಪಟ್ಟು. ಆ ಸಾಹಸಕ್ಕೆ ತೆರುವ ಬೆಲೆಯನ್ನೂ ಈ ಊರು ಕಂಡಿದೆ: 2019ರ ಫೆಬ್ರುವರಿ 19ರಂದು ಯಲಹಂಕದ ಮೇಲೆ ತಾಲೀಮಿನಲ್ಲಿ ಎರಡು ಹಾಕ್‌ಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು.

ಈ ಎಲ್ಲವನ್ನೂ ನೋಡುವ ಕಣ್ಣು ರೇಡಾರ್. 250 ನಾಟಿಕಲ್ ಮೈಲು ದೂರ ಕಾಣುವ ರೇಡಾರನ್ನು ಬೆಂಗಳೂರಿನಲ್ಲಿ ನಿಲ್ಲಿಸಿದರೆ ಅದರ ವೃತ್ತದ ವಿಸ್ತೀರ್ಣ 6.7 ಲಕ್ಷ ಚದರ ಕಿ.ಮೀ., ಮೂರೂವರೆ ಕರ್ನಾಟಕ. ಅದರ ಅಲೆ ಆ ಅಂಚಿಗೆ ಹೋಗಿ ವಾಪಸು ಬರಲು ಬೇಕಾದದ್ದು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು. ನೀವು ರೆಪ್ಪೆ ಬಡಿಯುವಷ್ಟರಲ್ಲಿ ನೂರು ಸಲ ಹೋಗಿಬರಬಹುದು. ಇಷ್ಟಾದರೂ ಆಂಟೆನಾ ಒಂದು ಸುತ್ತು ತಿರುಗಿ ಬರಲು ಐದು ಸೆಕೆಂಡು ಹಿಡಿಯಿತು ಅನ್ನಿ, ಅಷ್ಟರಲ್ಲಿ ಜೆಟ್ ಒಂದೂಕಾಲು ಕಿಲೋಮೀಟರ್ ಹೋಗಿಬಿಟ್ಟಿರುತ್ತದೆ. ರೇಡಾರ್ ಪರದೆಯ ಮುಂದೆ ಕೂತ ಕಂಟ್ರೋಲರ್ ಅದನ್ನು ಎಂ.ಜಿ. ರಸ್ತೆಯಲ್ಲಿ ಕಂಡರೆ ಅದು ಆಗಲೇ ಟ್ರಿನಿಟಿ ದಾಟಿದೆ.

ಪರದೆಯ ಮೇಲೆ 117 ಕನ್ನಂಬಾಡಿಯ ಒಡೆಯ ಒಂದು ಚುಕ್ಕೆ. ಪಕ್ಕಕ್ಕೆ ಒಂದು ಪುಟ್ಟ ಗೆರೆ, ಗೆರೆಯ ತುದಿಗೆ ಎರಡು ಮೂರು ಸಾಲು ಅಕ್ಷರ: ವಿಮಾನದ ಹೆಸರು, ನೂರು ಅಡಿಗಳ ಲೆಕ್ಕದಲ್ಲಿ ಎತ್ತರ, ಏರುತ್ತಿದ್ದರೆ ಮೇಲ್ಮುಖ ಬಾಣ, ಇಳಿಯುತ್ತಿದ್ದರೆ ಕೆಳಮುಖ. 360 ಅಂದರೆ 36,000. ಒಬ್ಬೊಬ್ಬರ ಗುರುತಿಗೂ ನಾಲ್ಕಂಕಿಯ ಒಂದು ನಂಬರು. 0ಯಿಂದ 7ರವರೆಗಿನ ಅಂಕಿ ಮಾತ್ರ, ಆದ್ದರಿಂದ ಜಗತ್ತಿಗೆಲ್ಲ ಒಟ್ಟು 4,096 ನಂಬರು. ಜಗತ್ತಿನಲ್ಲಿ ದಿನಕ್ಕೆ ನಡೆಯುವುದು ಸುಮಾರು ಒಂದು ಲಕ್ಷ ಹಾರಾಟ. ಒಂದೊಂದು ನಂಬರಿಗೂ ದಿನಕ್ಕೆ 24 ಹಕ್ಕುದಾರರು! ಈ ಇಕ್ಕಟ್ಟಿಗೆ ಬೇಸತ್ತವರಂತೆ ಮುಂದೆ ಇನ್ನೊಂದು ಗುರುತು ತಂದರು. ಅದರಲ್ಲಿ 1 ಕೋಟಿ 67 ಲಕ್ಷ ವಿಳಾಸ. ಭಾರತದ ಪಾಲಿಗೇ 2,62,144. ನಮ್ಮ ವಿಮಾನ ಕಂಪನಿಗಳ ಬಳಿ ಇರುವ ವಿಮಾನಗಳು ಎಂಟುನೂರರ ಆಸುಪಾಸು. ಮುನ್ನೂರು ಪಟ್ಟು ಬೆಳೆದರೂ ಮನೆ ನಂಬರಿಗೆ ಬರವಿಲ್ಲ.

ತಮಾಷೆಯೆಂದರೆ, ಹಲಸೂರಿನ ನೆತ್ತಿಯ ಮೇಲಿನ ಆ ವಿಮಾನ ಮಾತಾಡುತ್ತಿರುವುದು ಬೆಂಗಳೂರಿನವರ ಜೊತೆ ಅಲ್ಲ. ಅಷ್ಟು ಎತ್ತರದಲ್ಲಿ ಅದು ಸುಮಾರು 290 ಕಿ.ಮೀ. ದೂರದ ಚೆನ್ನೈ ಕೇಂದ್ರದ ಸುಪರ್ದಿನಲ್ಲಿದೆ. ದೇಶದ ಆಕಾಶವನ್ನು ದಿಲ್ಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಎಂದು ನಾಲ್ಕು ದೊಡ್ಡ ಪಾಲು ಮಾಡಿದ್ದಾರೆ, ನಾವು ಚೆನ್ನೈ ಪಾಲಿನವರು. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಕಾಯಬೇಕಾದ ಒಟ್ಟು ಆಕಾಶ 28 ಲಕ್ಷ ಚದರ ನಾಟಿಕಲ್ ಮೈಲು, 96 ಲಕ್ಷ ಚದರ ಕಿ.ಮೀ. ಅಂದರೆ 50 ಕರ್ನಾಟಕ. ಭಾರತದ ನೆಲದ ಸುಮಾರು ಮೂರು ಪಟ್ಟು. ಅದರಲ್ಲಿ ಹತ್ತಕ್ಕೆ ಆರು ಪಾಲು ಸಮುದ್ರದ ಮೇಲಿನದು.

ಸಮುದ್ರದ ಮೇಲೆ ಇನ್ನೊಂದು ಲೋಕ. ಕರಾವಳಿಯಿಂದ ದೂರ ಹೋದಂತೆ ನೆಲದ ರೇಡಾರಿನ ಕಣ್ಣು ಮಂಜಾಗುತ್ತದೆ, ಕಣ್ಣು ಮಂಜಾದಷ್ಟೂ ಅಂತರ ಹಿಗ್ಗುತ್ತದೆ. ಒಂದೇ ಎತ್ತರದಲ್ಲಿ ಒಂದರ ಹಿಂದೊಂದು ಹೋಗುವ ವಿಮಾನಗಳಿಗೆ 10 ನಿಮಿಷದ ಅಂತರ ಎಂಬುದು ಹಳೆಯ ಪದ್ಧತಿ. ಹತ್ತು ನಿಮಿಷ ಅಂದರೆ 150 ಕಿ.ಮೀ. ಮುಂದಿನವರು ಮೈಸೂರು ದಾಟಿರಬೇಕು, ಹಿಂದಿನವರು ಬೆಂಗಳೂರಲ್ಲೇ ಇರಬೇಕು, ನಡುವೆ ಒಬ್ಬರೂ ಇರಬಾರದು. ಸಲಕರಣೆ ಸುಧಾರಿಸಿದವರಿಗೆ ಅದು 50 ನಾಟಿಕಲ್ ಮೈಲಿಗೆ, ಇನ್ನೂ ಸುಧಾರಿಸಿದವರಿಗೆ 30ಕ್ಕೆ ಇಳಿದಿದೆ. 30 ಅಂದರೂ 55 ಕಿ.ಮೀ.

ಇಷ್ಟು ಖಾಲಿ ಜಾಗವಿದ್ದೂ ಡಿಕ್ಕಿ ಆಗುವುದುಂಟೆ? ಉಂಟು. ಎಲ್ಲರಿಗೂ ಬೇಕಾದ್ದು ಅದೇ ದಾರಿ, ಅದೇ ಎತ್ತರ, ಅದೇ ಬೆಳಗಿನ ಹೊತ್ತು. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯಾದ ಬೋಯಿಂಗ್ 747 14,000 ಅಡಿಗೆ ಏರುತ್ತಿತ್ತು. ಕಜಾಕಸ್ತಾನದ ಇಲ್ಯೂಷಿನ್ 15,000ಕ್ಕೆ ಇಳಿಯುತ್ತಿತ್ತು. ನಡುವೆ ಇರಬೇಕಾಗಿದ್ದ 1,000 ಅಡಿ ಅಲ್ಲಿರಲಿಲ್ಲ. 349 ಜನ ಹೋದರು, ಒಬ್ಬರೂ ಉಳಿಯಲಿಲ್ಲ. ಆಕಾಶದಲ್ಲಿ ನಡೆದ ಡಿಕ್ಕಿಗಳಲ್ಲಿ ಇಷ್ಟು ಸಾವು ಹಿಂದೆಯೂ ಇಲ್ಲ, ಮುಂದೆಯೂ ಆಗಿಲ್ಲ. ಅದಾದ ಮೇಲೆ, ಎದುರಿನ ವಿಮಾನವನ್ನು ತಾನೇ ಪತ್ತೆಹಚ್ಚಿ ಕೂಗುವ ಟಿಕಾಸ್ ಯಂತ್ರ ನಮ್ಮ ದೇಶದಲ್ಲಿ ಕಡ್ಡಾಯವಾಯಿತು.

ಆ ಯಂತ್ರ ಬೆಂಗಳೂರಿನ ಆಕಾಶದಲ್ಲೂ ಕೂಗಿದೆ. 2018ರ ಜುಲೈ 10ರಂದು ಕೊಯಮತ್ತೂರಿನಿಂದ ಹೈದರಾಬಾದಿಗೆ ಹೊರಟದ್ದೂ ಬೆಂಗಳೂರಿನಿಂದ ಕೊಚ್ಚಿಗೆ ಹೊರಟದ್ದೂ, ಎರಡೂ ಇಂಡಿಗೊ ವಿಮಾನ, 328 ಪ್ರಯಾಣಿಕರು. ಎತ್ತರದ ಅಂತರ 1,000 ಅಡಿಯಿಂದ 200 ಅಡಿಗೆ ಇಳಿಯಿತು. ಮೂರು ಯುಟಿಲಿಟಿ ಬಿಲ್ಡಿಂಗ್ ಇರಬೇಕಾದಲ್ಲಿ ಒಂದು ಪೂರ್ತಿ ಕೂಡ ಇಲ್ಲ. ವಿಮಾನದ ರೆಕ್ಕೆಯಗಲದ ಎರಡರಷ್ಟೂ ಇಲ್ಲ. ಆಗ ಕಾಕ್‌ಪಿಟ್ಟಿನಲ್ಲಿ ಕೇಳಿಬರುವುದು ಕರ್ಕಶ ಯಂತ್ರದ ದನಿ: ಒಬ್ಬರಿಗೆ ‘ಕ್ಲೈಂಬ್, ಕ್ಲೈಂಬ್’, ಇನ್ನೊಬ್ಬರಿಗೆ ‘ಡಿಸೆಂಡ್, ಡಿಸೆಂಡ್’. ಡಿಕ್ಕಿಗೆ ಹೆಚ್ಚೆಂದರೆ 35 ಸೆಕೆಂಡು ಮೊದಲು. ಒಂದು ಜೆಟ್ ಎಂ.ಜಿ. ರಸ್ತೆಯಿಂದ ಕೆ.ಆರ್. ಪುರಕ್ಕೆ ಹೋಗುವಷ್ಟು ಹೊತ್ತು. ಅಷ್ಟರಲ್ಲಿ ದನಿ ಕೇಳಬೇಕು, ನಂಬಬೇಕು, ಕೈ ಆಡಬೇಕು, ಟನ್‌ಗಟ್ಟಲೆ ಲೋಹ ದಿಕ್ಕು ಬದಲಿಸಬೇಕು.

2022ರ ಜನವರಿಯ ಒಂದು ಬೆಳಗ್ಗೆ ಇನ್ನೂ ಹತ್ತಿರದ ಕಥೆ. ಕೆಂಪೇಗೌಡ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಎರಡು ವಿಮಾನ, ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ, ಒಂದೇ ದಿಕ್ಕಿಗೆ ಹೆಚ್ಚುಕಡಿಮೆ ಒಟ್ಟಿಗೇ ಎದ್ದವು. ಎದ್ದು ಒಂದರತ್ತ ಒಂದು ವಾಲಿದವು. ಒಟ್ಟು 426 ಜನ, ಚರ್ಖಿ ದಾದ್ರಿಗಿಂತ 77 ಹೆಚ್ಚು. ರೇಡಾರ್ ಮುಂದೆ ಕೂತಿದ್ದ ಒಬ್ಬ ಕಂಟ್ರೋಲರ್ ಎರಡು ಚುಕ್ಕೆ ಕೂಡುತ್ತಿರುವುದನ್ನು ಕಂಡು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. 426 ಜನ ಊರು ಸೇರಿದರು.

ಕೊನೆಗೆ ಎಲ್ಲಕ್ಕಿಂತ ದೊಡ್ಡ ಸಂಖ್ಯೆ. ವಿಶ್ವಸಂಸ್ಥೆಯ ವಿಮಾನಯಾನ ಅಂಗವಾದ ಐಕಾವೊ, ಅಂತರ ತಪ್ಪಿ ಆಗುವ ಮಾರಕ ಅಪಘಾತಕ್ಕೆ ಒಂದು ಮಿತಿ ಹಾಕಿದೆ. ಎತ್ತರ ತಪ್ಪಿ ಆಗುವಂಥದ್ದು ನೂರು ಕೋಟಿ ಹಾರಾಟ ಗಂಟೆಗೆ ಐದನ್ನು ಮೀರಬಾರದು. ಅಂದರೆ 20 ಕೋಟಿ ಗಂಟೆಗೆ ಒಂದು. ಅಕ್ಕಪಕ್ಕದ ಅಂತರಕ್ಕೆ ಅಷ್ಟೇ, ಹಿಂದುಮುಂದಿನ ಅಂತರಕ್ಕೂ ಅಷ್ಟೇ. ಒಂದೇ ಒಂದು ವಿಮಾನ ಇಂಧನಕ್ಕೂ ಇಳಿಯದೆ ಹಾರುತ್ತಲೇ ಇದ್ದರೆ 20 ಕೋಟಿ ಗಂಟೆ ಮುಗಿಯಲು 22,800 ವರ್ಷ. ಬೆಂಗಳೂರಿನ ಹೆಸರು ಮೊದಲು ಸಿಗುವ ಬೇಗೂರಿನ ಶಾಸನಕ್ಕೆ ಇನ್ನೂ 1,100ರ ಚಿಲ್ಲರೆ ವಯಸ್ಸು.

ಒಂದು ವಿಮಾನ ಬಿಡಿ, ಬೆಂಗಳೂರಿನ ಎಲ್ಲವನ್ನೂ ಸೇರಿಸಿ. ದಿನಕ್ಕೆ 700 ಹಾರಾಟ, ತಲಾ ಎರಡು ಗಂಟೆ ಎಂದಿಟ್ಟುಕೊಂಡರೆ 391 ವರ್ಷ. ರಣದುಲ್ಲಾ ಖಾನನ ಬಿಜಾಪುರದ ಸೇನೆ ಕೆಂಪೇಗೌಡರ ವಂಶದಿಂದ ಈ ಊರನ್ನು ಕಿತ್ತುಕೊಂಡ 1638ರಲ್ಲಿ ಹಾರಾಟ ಶುರುವಾಗಿದ್ದರೆ ಈಗ ಆ 20 ಕೋಟಿ ಗಂಟೆ ಮುಗಿಯಲು ಕೆಲವೇ ವರ್ಷ ಬಾಕಿ ಇರುತ್ತಿತ್ತು. ಇನ್ನು ಇಡೀ ಜಗತ್ತಿನದು ಹಾಕಿ: ದಿನಕ್ಕೆ ಒಂದು ಲಕ್ಷ ಹಾರಾಟ, ಅದೇ ಎರಡೆರಡು ಗಂಟೆ, ದಿನಕ್ಕೆ 2 ಲಕ್ಷ ಗಂಟೆ. 22,800 ವರ್ಷದ ಹಾರಾಟವನ್ನು ಮನುಷ್ಯರು 1,000 ದಿನದಲ್ಲಿ ಹಾರಿ ಮುಗಿಸುತ್ತಾರೆ, ಮೂರು ವರ್ಷ ಕೂಡ ಬೇಡ. ಅದಕ್ಕೇ ಇರಬೇಕು, ಎತ್ತರದ 1,000 ಅಡಿಯ ವಿಷಯದಲ್ಲಿ ಬರೀ ಯಂತ್ರದ ತಪ್ಪಿಗೆಂದು ಇಟ್ಟಿರುವ ಮಿತಿ ಇದರ ಅರ್ಧ: 40 ಕೋಟಿ ಗಂಟೆಗೆ ಒಂದು.